ಕೈ ತೊಳ್ಕೋ ಅಂದರೆ ದೋಸೆ ತೊಳೆದಳು

ಭಾನುವಾರ ಬೆಳಿಗ್ಗೆ. ಕಾವಲಿ ಮೇಲೆ ಮೂರನೇ ದೋಸೆ ಇತ್ತು. ಮೊದಲ ಎರಡು ಆಗಲೇ ಪುಟ್ಟಿಯ ತಟ್ಟೆ ಸೇರಿದ್ದವು. ಒಲೆ ಮುಂದಿಂದ ಕದಲದೆ, "ಕೈ ತೊಳ್ಕೋ ಪುಟ್ಟಿ, ತಿಂಡಿ ಆಯ್ತು" ಅಂದೆ. ಸ್ಟೂಲು ಎಳೆದ ಸದ್ದು ಕೇಳಿಸಿತು. ಆಮೇಲೆ ನಲ್ಲಿ ತಿರುಗಿಸಿದ ಸದ್ದು. ಪರವಾಗಿಲ್ಲ, ಇವತ್ತು ಒಂದೇ ಸಲಕ್ಕೆ ಮಾತು ಕೇಳಿದಳಲ್ಲ ಅಂದುಕೊಂಡೆ. ನೀರಿನ ಸದ್ದು ಮಾತ್ರ ನಿಲ್ಲಲೇ ಇಲ್ಲ. ತಿರುಗಿ ನೋಡಿದರೆ ಸಿಂಕಿನ ಮುಂದೆ ನಿಂತು, ದೋಸೆಯನ್ನು ಎರಡೂ ಕೈಯಲ್ಲಿ ಹಿಡಿದು ನಲ್ಲಿಗೆ ಒಡ್ಡಿದ್ದಾಳೆ. ಒಂದು ಮಗ್ಗುಲು ಆದ ಮೇಲೆ ಇನ್ನೊಂದು ಮಗ್ಗುಲು. ಅಷ್ಟು ಶ್ರದ್ಧೆ ಅವಳಿಗೆ ಬೇರೆ ಯಾವ ಕೆಲಸದಲ್ಲೂ ಇಲ್ಲ.

ಬೈಯಬೇಕು ಅನ್ನುವಷ್ಟರಲ್ಲಿ ಹೊಳೆಯಿತು. ಅವಳು ಹೋಗುವ ಶಿಶುವಿಹಾರದಲ್ಲಿ ಕೈ ಅಂದರೆ ಊಟ. ನ್ಯೂಜಿಲೆಂಡಿನ ಮೂಲನಿವಾಸಿಗಳಾದ ಮಾವೊರಿ ಜನರ ಭಾಷೆಯಲ್ಲಿ ಊಟಕ್ಕೂ ಕೈ, ತಿಂಡಿಗೂ ಕೈ, ತಿನ್ನುವುದಕ್ಕೂ ಕೈ. ನಮ್ಮ ಕೈಗೆ ಅಲ್ಲಿ ರಿಙರಿಙ ಅನ್ನುತ್ತಾರೆ. ಎರಡೂವರೆ ವರ್ಷದ ಮಗುವಿನ ಕಿವಿಗೆ ಅಮ್ಮ ಹೇಳಿದ್ದು ಇಷ್ಟೇ: ಊಟ ತೊಳಿ. ತೊಳೆದಳು.

ನಾವಿರುವುದು ನ್ಯೂಜಿಲೆಂಡಿನ ಲೋವರ್ ಹಟ್‌ನಲ್ಲಿ. ವೆಲಿಂಗ್ಟನ್ನಿಗೆ ರೈಲಿನಲ್ಲಿ ಅರ್ಧ ಗಂಟೆಯ ದಾರಿಯೂ ಇಲ್ಲ. ನನ್ನ ತವರು ತೀರ್ಥಹಳ್ಳಿ ಕಡೆ. ಇಲ್ಲಿಗೆ ಬಂದಾಗ ಮಾವೊರಿಯಲ್ಲಿ ನನಗೆ ಗೊತ್ತಿದ್ದದ್ದು 'ಕಿಯ ಒರ', ಅಂದರೆ ನಮಸ್ಕಾರ, ಒಂದೇ, ಅದೂ ವಿಮಾನದಲ್ಲಿ ಕಲಿತದ್ದು. ಮಗಳನ್ನು ಶಿಶುವಿಹಾರಕ್ಕೆ ಹಾಕಿದ ಮೇಲೆ ಮನೆಯ ಲೆಕ್ಕಾಚಾರವೇ ಬದಲಾಯಿತು. ಈ ದೇಶದ ಶಿಶುವಿಹಾರಗಳಿಗೆ ತೆ ಫಾರಿಕಿ ಎಂಬ ಪಠ್ಯಕ್ರಮ ಇದೆ. ಫಾರಿಕಿ ಅಂದರೆ ನೇಯ್ದ ಚಾಪೆ. 1996ರಲ್ಲಿ ಬಂತು, 2017ರಲ್ಲಿ ತಿದ್ದಿದರು. ಮಕ್ಕಳ ದಿನದ ಮಾತಿನಲ್ಲಿ ಮಾವೊರಿ ಇರಬೇಕು ಅನ್ನುವುದು ಅದರೊಳಗೇ ನೇಯ್ದುಕೊಂಡಿದೆ. ಪ್ರತ್ಯೇಕ ಪೀರಿಯಡ್ಡು, ಪುಸ್ತಕ, ಪರೀಕ್ಷೆ ಏನೂ ಇಲ್ಲ. ಕೂರುವಾಗ 'ಎ ನೊಹೊ', ಏಳುವಾಗ 'ಎ ತೂ', ಊಟಕ್ಕೆ ಕರೆಯುವಾಗ 'ಹಯೆರೆ ಮೈ ಕಿ ತೆ ಕೈ'. ಟೀಚರಿಗೆ ಕೈಯಕೊ, ಮಕ್ಕಳಿಗೆ ತಮರಿಕಿ, ಮನೆಯವರಿಗೆ ಫಾನೌ. ಪುಟ್ಟಿಗೆ ಮೊದಲ ಮಾವೊರಿ ಮಾತು ಹೇಳಿಕೊಟ್ಟ ಕೈಯಕೊ ಫಿಲಿಪೀನ್ಸಿನವರು. ಅವರೂ ನನ್ನ ಹಾಗೆ ದೊಡ್ಡವರಾದ ಮೇಲೆ ಕಲಿತವರೇ.

ಮಾತುಗಳು ಚೀಲದಲ್ಲಿ ಬರಲಿಲ್ಲ, ಕಾಲಲ್ಲಿ ಬಂದವು. ಒಂದು ಸಂಜೆ ಬಾಗಿಲಲ್ಲಿ ನಿಂತು "ಹೂ, ಹೂ" ಅಂತ ಗಲಾಟೆ. ನಾನು ಕುಂಡದಿಂದ ಒಂದು ಹೂ ಕಿತ್ತು ಕೊಟ್ಟೆ. ಎಸೆದಳು. ಕೊನೆಗೆ ಗೊತ್ತಾಯಿತು, ಮಾವೊರಿಯಲ್ಲಿ ಹೂ ಅಂದರೆ ಶೂ. ಇಂಗ್ಲಿಷಿನ ಶೂ ಅವರ ಬಾಯಲ್ಲಿ ಹೂ ಆಗಿದೆ. ಈ ಹೂವಿನಿಂದ ನಮ್ಮಮ್ಮನಿಗೂ ಫಜೀತಿ ಆಯಿತು. ವಿಡಿಯೊ ಕಾಲಿನಲ್ಲಿ ಮೊಮ್ಮಗಳ ಜುಟ್ಟು ನೋಡಿ, "ಹೂ ಎಲ್ಲೇ, ಅಜ್ಜಿಗೆ ತೋರ್ಸು" ಅಂದರು. ಪುಟ್ಟಿ ಕಾಲೆತ್ತಿ ಫೋನಿನ ಮುಂದೆ ಹಿಡಿದಳು. "ಅಯ್ಯೋ ಶಿವನೇ, ಅಜ್ಜಿಗೆ ಕಾಲು ತೋರಿಸ್ತಾಳಲ್ಲೇ!" ಇನ್ನೊಂದು ದಿನ ಅಮ್ಮ ಒಗಟು ಹೇಳಿದ್ದಕ್ಕೆ ಪುಟ್ಟಿ "ಕ ಪೈ ಅಜ್ಜಿ!" ಅಂದಳು. ಶಾಭಾಶ್, ಚೆನ್ನಾಗಿದೆ ಅಂತ ಅರ್ಥ. ಅಮ್ಮ ಸ್ವಲ್ಪ ಹೊತ್ತು ಯೋಚಿಸಿ ಕೇಳಿದರು, "ಯಾವ ಪೈ? ಪೇಟೆಬೀದಿ ಅಂಗಡಿ ಪೈಗಳಾ?"

ಈ ಎರಡು ಭಾಷೆಗಳಿಗೆ ನಂಟೇನೂ ಇಲ್ಲ. ಹೂ, ಕೈ ಬರೀ ಕಾಕತಾಳೀಯ. ಆದರೂ ನಾಲಿಗೆಯ ಅಭ್ಯಾಸ ನಮ್ಮದೇ ಅನ್ನಿಸುತ್ತದೆ. ಮಾವೊರಿಯಲ್ಲಿ ಯಾವ ಅಕ್ಷರವೂ ವ್ಯಂಜನಕ್ಕೆ ನಿಲ್ಲುವುದಿಲ್ಲ, ಸ್ವರ ಬರಲೇಬೇಕು. ನಾವು ಬಸ್ ಅನ್ನು ಬಸ್ಸು ಮಾಡಿದೆವು, ಅವರು ಪಹಿ ಮಾಡಿದರು. ನಮ್ಮದು ಟೇಬಲ್ಲು, ಅವರದು ತೇಪು. ಪ್ಲೇಟು ಅಲ್ಲಿ ಪೆರೆತಿ, ಸ್ಪೂನು ಅಲ್ಲಿ ಪುನೆ. ಸಿಂಕಿನ ಮುಂದೆ ನಿಂತು ಈ ಪಟ್ಟಿ ಹೇಳಿಕೊಳ್ಳುತ್ತಾ ಪಾತ್ರೆ ತೊಳೆದರೆ ಬೇಗ ಮುಗಿಯುತ್ತದೆ, ನಿಜವಾಗಿ.

ಮನೆಯಲ್ಲೂ ಆಡೋಣ ಅಂತ ನಾವಿಬ್ಬರೂ ತೀರ್ಮಾನ ಮಾಡಿ ಫ್ರಿಜ್ಜಿನ ಮೇಲೆ ಒಂದು ಹಾಳೆ ಅಂಟಿಸಿದೆವು. ಶಿಶುವಿಹಾರದವರು ಕೊಟ್ಟ ಹಾಳೆ ಇಂಗ್ಲಿಷ್ ಅಕ್ಷರದಲ್ಲಿತ್ತು. ಅದನ್ನು ಓದುವಾಗ ನನ್ನ ಬಾಯಲ್ಲಿ ಇಂಗ್ಲಿಷೇ ಬರುತ್ತಿತ್ತು. ಕನ್ನಡದಲ್ಲಿ ಬರೆದುಕೊಂಡೆ. ಅಷ್ಟೇ, ಬಾಗಿಲು ತೆರೆದ ಹಾಗಾಯಿತು.

ಮಾವೊರಿಗೆ ಐದು ಸ್ವರ. ಒಂದೊಂದಕ್ಕೂ ಹ್ರಸ್ವ, ದೀರ್ಘ ಬೇರೆ ಬೇರೆ. ದೀರ್ಘ ತೋರಿಸಲು ಅಕ್ಷರದ ಮೇಲೆ ಒಂದು ಗೆರೆ ಎಳೆಯುತ್ತಾರೆ, ಅದಕ್ಕೆ ತೊಹುತೋ ಅಂತ ಹೆಸರು. ಗೆರೆ ಬಿಟ್ಟರೆ ಅರ್ಥ ಕೆಡುತ್ತದೆ. ಕೆಕೆ ಅಂದರೆ ಕೇಕು. ಕೇಕೇ ಅಂದರೆ ಕಂಕುಳು. ಇಲ್ಲೇ ಹುಟ್ಟಿ ಬೆಳೆದ ನನ್ನ ಇಂಗ್ಲಿಷ್ ಸಹೋದ್ಯೋಗಿಗಳು ಇದಕ್ಕೆ ವರ್ಷಗಟ್ಟಲೆ ಒದ್ದಾಡುತ್ತಾರೆ. ಎ ಮತ್ತು ಏ, ಒ ಮತ್ತು ಓ ಬೇರೆ ಬೇರೆ ಅಂತ ಒಂದನೇ ಕ್ಲಾಸಿನಲ್ಲಿ ಕೋಲು ಹಿಡಿದು ಕಲಿಸಿದ ಮೇಷ್ಟ್ರನ್ನು ಅವತ್ತು ನೆನೆದೆ. ಹಿಂದಿಯವರಿಗೂ ಈ ಸೌಲಭ್ಯ ಇಲ್ಲ, ನೋಡಿ.

ಇನ್ನೊಂದು ಖುಷಿ ಇದೆ. ಅದನ್ನು ಹೇಳದೆ ಮುಂದೆ ಹೋಗಲಾರೆ. ಕ ಖ ಗ ಘ ಙ. ನಮ್ಮ ಶಾಲೆಯ ಗೋಡೆಯ ಚಾರ್ಟಿನಲ್ಲಿ ಕ ಮುಂದೆ ಕಮಲ, ಗ ಮುಂದೆ ಗಡಿಯಾರ ಇದ್ದವು. ಙ ಮುಂದೆ ಖಾಲಿ ಚೌಕ. ಬಾಯಿಪಾಠಕ್ಕೆ ಮಾತ್ರ ಬರುವ ಅಕ್ಷರ ಅದು, ಸಂಬಳ ಇಲ್ಲದ ನೌಕರ. ಮಾವೊರಿಯಲ್ಲಿ ಅದೇ ಮುಖ್ಯ ಪಾತ್ರಧಾರಿ. ಪದದ ಮೊದಲಿಗೇ ಬಂದು ಕೂರುತ್ತದೆ. ಅಲೆಗೆ ಙರು. ಬೆಕ್ಕಿಗೆ ಙೆರು. ಆ ಹಾಳೆಯ ಮೂಲೆಯಲ್ಲಿ ದೊಡ್ಡದಾಗಿ ಙ ಬರೆದು ಪಕ್ಕದಲ್ಲಿ ಒಂದು ಬೆಕ್ಕಿನ ಚಿತ್ರ ಬಿಡಿಸಿದೆ. ಮೂವತ್ತು ವರ್ಷದ ಮೇಲೆ ಆ ಚೌಕ ತುಂಬಿತು.

ಇಷ್ಟೆಲ್ಲ ಸಲೀಸಾಗಿ ಹೇಳುತ್ತಿದ್ದೇನೆ. ಆದರೆ ಮನೆಯ ಹೊರಗೆ ಈ ಮಾತು ಆಡುವಾಗ ನನಗೊಂದು ಅಳುಕಿತ್ತು. ಇದು ಯಾರದೋ ಮನೆಯ ಒಡವೆ, ನಾನು ಹಾಕ್ಕೊಂಡು ತಿರುಗಬಹುದಾ? ಅಳುಕಿಗೆ ಕಾರಣ ಇಲ್ಲದಿಲ್ಲ. ನಮ್ಮ ಮನೆಯಿಂದ ಕಾರಿನಲ್ಲಿ ಹೊರಟು ಒಂದು ಗುಡ್ಡ ಹತ್ತಿ ಇಳಿದರೆ ವೈನುಯಿಯೊಮತ ಸಿಗುತ್ತದೆ. ಸುಮ್ನೆ ಒಂದು ಊರು. ಸೂಪರ್‌ಮಾರ್ಕೆಟ್ಟು, ಆಟದ ಮೈದಾನ, ಸುತ್ತ ಕಾಡುಗುಡ್ಡ. ಮೊದಲ ಕೋಹಙ ರೆಯೊ ಶುರುವಾಗಿದ್ದು ಅಲ್ಲೇ, 1982ರಲ್ಲಿ. ಕೋಹಙ ಅಂದರೆ ಗೂಡು, ರೆಯೊ ಅಂದರೆ ಮಾತು. ಐದು ವರ್ಷದೊಳಗಿನ ಮಕ್ಕಳು, ಅಜ್ಜ ಅಜ್ಜಿಯರು ಒಂದೇ ಸೂರಿನಡಿ ಇಡೀ ದಿನ ಮಾವೊರಿಯಲ್ಲೇ ಇರುವುದು. ಪಾಠ ಇಲ್ಲ. ಊಟ, ನಿದ್ದೆ, ಜಗಳ, ಹಾಡು, ಮೂಗು ಒರೆಸುವುದು ಎಲ್ಲ ಆ ಮಾತಿನಲ್ಲೇ. ಕೆಲವೇ ವರ್ಷಗಳಲ್ಲಿ ದೇಶದ ತುಂಬ ಇಂಥ ನೂರಾರು ಗೂಡುಗಳಾದವು.

ಅಜ್ಜ ಅಜ್ಜಿಯರೇ ಯಾಕೆ? ನಡುವಿನ ತಲೆಮಾರಿಗೆ ಮಾತು ಗೊತ್ತಿರಲಿಲ್ಲ. ಮಾವೊರಿ ಮಕ್ಕಳ ಶಾಲೆಗಳಲ್ಲಿ ಇಂಗ್ಲಿಷಿನಲ್ಲೇ ಕಲಿಸಬೇಕು ಅಂತ 1867ರಲ್ಲೇ ಕಾನೂನು ಬಂದಿತ್ತು. ಆಮೇಲೆ ಶಾಲೆಯಲ್ಲಿ ಮಾವೊರಿ ಆಡಿದ ಮಕ್ಕಳಿಗೆ ಬೆತ್ತ, ಬೆಲ್ಟು. 1913ರಲ್ಲಿ ಶಾಲೆಗೆ ಹೋಗುವ ಮಾವೊರಿ ಮಕ್ಕಳಲ್ಲಿ ಶೇ. 90ರಷ್ಟು ಮಂದಿ ಆ ಭಾಷೆ ಆಡುತ್ತಿದ್ದರು. 1953ಕ್ಕೆ ಅದು ಶೇ. 26. 1975ಕ್ಕೆ ಶೇ. 5ಕ್ಕಿಂತ ಕಡಿಮೆ. ಒಂದು ಮನುಷ್ಯನ ಆಯುಸ್ಸಿನಷ್ಟು ಕಾಲ, ಅಷ್ಟೇ ಸಾಕಾಯಿತು. 1972ರ ಸೆಪ್ಟೆಂಬರ್ 14ರಂದು ಹನ ತೆ ಹೆಮರ ಮತ್ತು ಙಾ ತಮತೊವ ಎಂಬ ಯುವಕರ ಗುಂಪು, ಇನ್ನೂ ಹಲವರ ಜೊತೆ ಸೇರಿ, 30,000ಕ್ಕೂ ಹೆಚ್ಚು ಸಹಿಯ ಮನವಿಯನ್ನು ವೆಲಿಂಗ್ಟನ್ನಿನ ಪಾರ್ಲಿಮೆಂಟಿಗೆ ಒಯ್ದಿತು. ಶಾಲೆಯಲ್ಲಿ ನಮ್ಮ ಭಾಷೆ ಕಲಿಸಿ ಅನ್ನುವುದೇ ಬೇಡಿಕೆ. ಆಡಳಿತ ಭಾಷೆಯ ಸ್ಥಾನ ಸಿಗಲು 1987ರವರೆಗೆ ಕಾಯಬೇಕಾಯಿತು.

ನನಗೆ ಇವೆಲ್ಲಕ್ಕಿಂತ ಜಾಸ್ತಿ ತಟ್ಟಿದ್ದು 1984ರ ಒಂದು ಸಣ್ಣ ಪ್ರಸಂಗ. ಆಕ್ಲೆಂಡಿನಲ್ಲಿ ಟ್ರಂಕ್ ಕಾಲ್ ಜೋಡಿಸುವ ಆಪರೇಟರ್ ಆಗಿದ್ದ ನೈಡಾ ಗ್ಲಾವಿಶ್, ಫೋನ್ ಎತ್ತಿದ ಕೂಡಲೇ 'ಕಿಯ ಒರ' ಅನ್ನುತ್ತಿದ್ದರು. ಹಾಗನ್ನಬಾರದು ಅಂತ ಮೇಲಿನವರು ತಾಕೀತು ಮಾಡಿದರು. ಅವರು ಬಿಡಲಿಲ್ಲ. ದೇಶದ ತುಂಬ ದೊಡ್ಡ ವಾದ ಎದ್ದಿತು. ಕೊನೆಗೆ ಆ ಎರಡು ಮಾತು ಉಳಿಯಿತು. ಇವತ್ತು ವಿಮಾನದಲ್ಲಿ ನನ್ನಂಥವಳಿಗೂ ಪುಕ್ಕಟೆ ಸಿಗುವ ಕಿಯ ಒರ, ಒಬ್ಬರು ಕೆಲಸ ಪಣಕ್ಕಿಟ್ಟು ಉಳಿಸಿಕೊಂಡದ್ದು.

ಇದನ್ನೆಲ್ಲ ತಿಳಿದ ಮೇಲೆ ಅಳುಕು ಹೋಯಿತಾ? ಇಲ್ಲ, ಜಾಸ್ತಿ ಆಯಿತು.

ಪಕ್ಕದ ಮನೆಯಲ್ಲಿ ಒಬ್ಬ ಹಿರಿಯ ಹೆಂಗಸು ಇದ್ದಾರೆ. ಮಾವೊರಿ. ಎಪ್ಪತ್ತು ದಾಟಿದೆ. ನಮ್ಮ ಬೇಲಿಯ ಮೇಲಿಂದ ನಿಂಬೆಹಣ್ಣು ಕೊಡುತ್ತಾರೆ, ನಾನು ಅದರಲ್ಲೇ ಉಪ್ಪಿನಕಾಯಿ ಹಾಕಿ ವಾಪಸ್ ಕೊಡುತ್ತೇನೆ. ಪುಟ್ಟಿಗೆ ಮೂರು ತುಂಬುವ ಹೊತ್ತಿಗೆ ಮಾತು ಚೆನ್ನಾಗಿ ತಿರುಗುತ್ತಿತ್ತು. ಒಂದು ದಿನ ಅವರನ್ನು ಕಂಡು ಬೇಲಿ ಹತ್ತಿರ ಓಡಿದಳು. "ಕಿಯ ಒರ! ಕೆಯಿ ತೆ ಪೇಹೆಅ ಕೊಯೆ?" ಹೇಗಿದ್ದೀರಿ ಅಂತ. ನನಗೆ ಒಳಗೊಳಗೇ ಹೆಮ್ಮೆ. ಸುಳ್ಳು ಯಾಕೆ ಹೇಳಲಿ, ಅವರು ಮೆಚ್ಚಬೇಕು ಅಂತ ಆಸೆ ಇತ್ತು. ಅವರು ನಕ್ಕರು, ಇಂಗ್ಲಿಷಿನಲ್ಲಿ ಏನೋ ಅಂದರು, ಬಟ್ಟೆ ಒಣಹಾಕುವುದು ಅರ್ಧದಲ್ಲಿ ಬಿಟ್ಟು ಒಳಗೆ ಹೋದರು.

ವಾರದ ಮೇಲೆ ಅವರೇ ಹೇಳಿದರು. ಅವರಮ್ಮ ಚಿಕ್ಕವರಿದ್ದಾಗ ಶಾಲೆಯಲ್ಲಿ ಮಾವೊರಿ ಆಡಿದ್ದಕ್ಕೆ ಪೆಟ್ಟು ತಿಂದಿದ್ದರಂತೆ. ನನ್ನ ಮಕ್ಕಳಿಗೆ ಈ ಪಾಡು ಬೇಡ ಅಂತ ಮನೆಯಲ್ಲಿ ಒಂದು ಮಾತೂ ಕಲಿಸಲಿಲ್ಲವಂತೆ. ದೊಡ್ಡವರು ಗುಟ್ಟು ಮಾತಾಡುವಾಗ ಮಾತ್ರ ಆ ಭಾಷೆ. "ನಿನ್ನ ಮಗಳು ಕೇಳಿದ್ದು ಅರ್ಥ ಆಯ್ತು. ತಿರುಗಿ ಹೇಳೋಕೆ ಬಾಯಿ ಬರಲಿಲ್ಲ. ಫಕಮಾ" ಅಂದರು. ಫಕಮಾ ಅಂದರೆ ನಾಚಿಕೆ, ಸಂಕೋಚ, ತಲೆ ತಗ್ಗುವುದು, ಎಲ್ಲ ಸೇರಿದ ಒಂದು ಮಾತು. ನಾನು ಏನು ಹೇಳಲಿ? ಉಪ್ಪಿನಕಾಯಿ ಬಾಟಲಿ ಕೈಯಲ್ಲಿ ಹಿಡಿದು ನಿಂತಿದ್ದೆ.

ಅವತ್ತು ರಾತ್ರಿ ಹಾಳೆ ತೆಗೆದು ಬಿಡೋಣವಾ ಅಂತ ಇವರನ್ನು ಕೇಳಿದೆ. "ತೆಗೆದರೆ ಅವರಿಗೆ ವಾಪಸ್ ಬರುತ್ತಾ?" ಅಂದರು. ಹಾಳೆ ಇದ್ದಲ್ಲೇ ಇದೆ.

ಈ ಭಾಷೆಯಲ್ಲಿ 'ನಾವು' ಅನ್ನುವುದಕ್ಕೆ ಒಂದೇ ಮಾತಿಲ್ಲ. ನಾನು ಮತ್ತು ನೀನು, ಇಬ್ಬರೇ ಆದರೆ ತಾವ. ನಾನು ಮತ್ತು ಅವನು, ನೀನಲ್ಲ ಅಂದರೆ ಮಾವ. ಹೂಂ, ನಮ್ಮ ಮಾವನೇ! ಮೂವರು ಅಥವಾ ಅದಕ್ಕಿಂತ ಹೆಚ್ಚಾದರೆ, ನೀನೂ ಸೇರಿ ತಾತೊವು, ನಿನ್ನನ್ನು ಬಿಟ್ಟು ಮಾತೊವು. ತಮಿಳಿನ ನಾಮ್, ನಾಂಗಳ್, ತೆಲುಗಿನ ಮನಮು, ಮೇಮು ಇದ್ದ ಹಾಗೆ. ಈಗಿನ ಕನ್ನಡದಲ್ಲಿ ಈ ಭೇದ ಉಳಿದಿಲ್ಲ, ಎಲ್ಲಕ್ಕೂ ನಾವು. ಶಿಶುವಿಹಾರದ ಗೇಟಿನಲ್ಲಿ ಕೈಯಕೊ ಎಲ್ಲರನ್ನೂ ಹೊರಡಿಸುವಾಗ "ಮೆ ಹಯೆರೆ ತಾತೊವು" ಅನ್ನುತ್ತಾರೆ. ಹೋಗೋಣ ನಡೀರಿ ಅಂತ. ಅಪ್ಪ ಅಮ್ಮಂದಿರೂ, ಚೀಲ ಹೊತ್ತು ನಿಂತ ನಾನೂ ಅದರಲ್ಲಿ ಸೇರಿದ್ದೇವೆ. ವ್ಯಾಕರಣವೇ ಕರೆದ ಮೇಲೆ ಬಾಗಿಲಲ್ಲಿ ನಿಂತು ಸಂಕೋಚ ಪಡುವುದೂ ಒಂಥರಾ ಜಂಭವೇ ಅಲ್ವಾ?

ತಪ್ಪುಗಳೂ ಆದವು. ಒಂದನ್ನು ಹೇಳುತ್ತೇನೆ. ಮಲಗಿಸುವಾಗ 'ಮೊಯೆ ಮೈ ರಾ' ಅನ್ನುತ್ತಿದ್ದೆ. ಮೊಯೆ ಅಂದರೆ ನಿದ್ದೆ, ಸರಿಯಾಗೇ ಇದೆ ಅಂದುಕೊಂಡಿದ್ದೆ. ಆಫೀಸಿನ ಮಾವೊರಿ ಗೆಳತಿ ಕೇಳಿಸಿಕೊಂಡು, ಮೆಲ್ಲಗೆ, "ಅದನ್ನ ನಾವು ಜಾಸ್ತಿ ತೀರಿಕೊಂಡವರಿಗೆ ಹೇಳೋದು" ಅಂದಳು. ಎದೆ ಧಸಕ್ಕೆಂದಿತು. ಮನೆಯಿಂದ ಹೊರಡುವಾಗ 'ಹೋಗ್ತೀನಿ' ಅಂದರೆ "ಬರ್ತೀನಿ ಅನ್ನು" ಅಂತ ಗದರುವ ಅಮ್ಮನ ಮಗಳು ನಾನು. ಆವತ್ತಿಂದ 'ಪೋ ಮಾರಿಯೆ' ಅನ್ನುತ್ತೇವೆ. ಶಾಂತವಾದ ರಾತ್ರಿ.

ದಿಂಬಿನ ಮೇಲೆ ಕೂರಬಾರದು, ಊಟದ ಮೇಜಿನ ಮೇಲೆ ಕೂರಬಾರದು ಅಂತಲೂ ಶಿಶುವಿಹಾರದಲ್ಲಿ ಹೇಳಿಕೊಡುತ್ತಾರೆ. ತಲೆ ಇಡುವ ಜಾಗ, ಉಣ್ಣುವ ಜಾಗ ಬೇರೆ, ಕೂರುವ ಜಾಗ ಬೇರೆ. ನಮ್ಮಜ್ಜಿ ಬೇರೆ ಕಾರಣಕ್ಕೆ ಇದನ್ನೇ ಹೇಳುತ್ತಿದ್ದರು, ದಿಂಬಿನ ಮೇಲೆ ಕೂತರೆ ಕುರು ಆಗುತ್ತೆ ಅಂತ. ಇಲ್ಲಿನ ತಪುವನ್ನು, ಅಂದರೆ ಪವಿತ್ರವಾದದ್ದನ್ನು ಬೇರೆಯಾಗಿ ಇಡುವ ಕಟ್ಟಳೆಯನ್ನು, ನಮ್ಮ ಮಡಿಗೆ ಹೋಲಿಸುವವರಿದ್ದಾರೆ. ನಾನು ಹೋಲಿಸುವುದಿಲ್ಲ. ನಮ್ಮ ಮಡಿಯ ಬೆನ್ನಿಗೆ ಏನೇನಿದೆ ಅಂತ ನಮಗೆ ಗೊತ್ತು.

ಈಗ ನಿಜವಾಗಿ ಹೇಳಬೇಕೆಂದು ಕೂತ ವಿಷಯಕ್ಕೆ ಬರುತ್ತೇನೆ.

ಪುಟ್ಟಿ ಒಂದು ಸಂಜೆ ಕಾರು ನಿಲ್ಲಿಸುವ ಸಿಮೆಂಟಿನ ಮೇಲೆ ಬಿದ್ದಳು. ಮೊಣಕಾಲು ತರಚಿ ರಕ್ತ. ಎತ್ತಿಕೊಂಡು ಒಳಗೆ ಬಂದೆ, ಒರೆಸಿದೆ, ಮುಲಾಮು ಹಚ್ಚಿದೆ. ಅಷ್ಟು ಹೊತ್ತೂ ನನ್ನ ಬಾಯಲ್ಲಿ ಬರುತ್ತಿದ್ದದ್ದು "ಇಟ್ಸ್ ಓಕೆ, ಇಟ್ಸ್ ಓಕೆ." ಅವಳನ್ನು ಮಲಗಿಸಿದ ಮೇಲೆ ನೀರು ಕುಡಿಯಲು ಫ್ರಿಜ್ಜಿನ ಮುಂದೆ ನಿಂತೆ. ಹಾಳೆ ಕಣ್ಣಿಗೆ ಬಿತ್ತು. ಎಣಿಸಿದೆ. ಒಟ್ಟು ಹದಿನಾರು ಮಾತು. ಕೂರು. ಏಳು. ಬಾ. ಕೇಳು. ಇತ್ತ ನೋಡು. ಬೇಗ ಮಾಡು. ತಡಿ. ಗಲಾಟೆ ಬೇಡ. ಬಿಡು ಅದನ್ನು. ಕೈ ತೊಳಿ. ಹಲ್ಲು ಉಜ್ಜು. ಶೂ ಎಲ್ಲಿ. ಬಾಗಿಲು ಹಾಕು. ಹದಿನಾರರಲ್ಲಿ ಹದಿಮೂರು ಹುಕುಂ. ನಮ್ಮ ಮನೆಗೆ ಬಂದ ಮಾವೊರಿ ಒಬ್ಬ ಹೆಡ್ ಕಾನ್‌ಸ್ಟೇಬಲ್ ಆಗಿತ್ತು.

ಮಾವೊರಿಗೆ ಹೀಗಾದರೆ ಕನ್ನಡಕ್ಕೆ? ಅದನ್ನೂ ಎಣಿಸಿದೆ, ಈ ಸಲ ಹಾಳೆ ಇಲ್ಲದೆ. ಏಳು, ಸ್ನಾನ ಮಾಡು, ಹಾಲು ಕುಡಿ, ಬೇಗ ಬೇಗ, ಅಲ್ಲಿ ಮುಟ್ಟಬೇಡ, ಬಾಯಿ ಮುಚ್ಚಿ ತಿನ್ನು. ಆಟ ಆಡಿಸುವುದು ಇಂಗ್ಲಿಷಿನಲ್ಲಿ. ಕಥೆ ಪುಸ್ತಕ ಇಂಗ್ಲಿಷಿನಲ್ಲಿ. ಮುದ್ದು ಇಂಗ್ಲಿಷಿನಲ್ಲಿ. ಮಕ್ಕಳು ಕನ್ನಡ ಬಿಡುತ್ತಾರೆ ಅಂತ ಕೂಟದಲ್ಲಿ ಸಿಕ್ಕಾಗೆಲ್ಲ ಗೊಣಗುತ್ತೇವಲ್ಲ, ಹುಕುಂ ಕೊಡುವ ಭಾಷೆಯನ್ನು ಯಾವ ಮಗು ಇಷ್ಟಪಟ್ಟು ಇಟ್ಟುಕೊಳ್ಳುತ್ತದೆ? ನಾನು ಬಿದ್ದಾಗ ನಮ್ಮಮ್ಮ ಏನು ಮಾಡುತ್ತಿದ್ದರು ನೆನಪಿದೆ. "ಅಯ್ಯೋ ಕಂದಾ, ಎಲ್ಲಿ, ಎಲ್ಲಿ ನೋಡಣ, ಯಾರು ಬೀಳಿಸಿದ್ದು ನನ್ನ ಮಗೂನ? ಈ ನೆಲವಾ?" ಅಂತ ನೆಲಕ್ಕೆ ಎರಡು ಬಾರಿಸಿ, ಗಾಯಕ್ಕೆ ಉಫ್ ಅಂತ ಊದುತ್ತಿದ್ದರು. ನೆಲಕ್ಕೆ ಏಟು ಬಿದ್ದರೆ ಅಳು ನಿಲ್ಲುತ್ತಿತ್ತು. ಪುಟ್ಟಿಯ ಪಾಲಿಗೆ ಆ ನೆಲಕ್ಕೆ ಇನ್ನೂ ಒಂದು ಪೆಟ್ಟೂ ಬಿದ್ದಿರಲಿಲ್ಲ.

ಮಾರನೇ ದಿನ ಶಿಶುವಿಹಾರದಲ್ಲಿ ಆ ಫಿಲಿಪೀನ್ಸಿನ ಕೈಯಕೊರನ್ನು ಕೇಳಿದೆ, ಮಗು ಅತ್ತಾಗ ನೀವು ಏನಂತೀರಿ ಅಂತ. ಅವರು ಬರೆದುಕೊಡಲಿಲ್ಲ. ಆಗ ತಾನೇ ಯಾರೋ ಒಬ್ಬ ಹುಡುಗ ಜಾರುಬಂಡೆ ಹತ್ತಿರ ಮುಖ ಸಪ್ಪಗೆ ಮಾಡಿ ನಿಂತಿದ್ದ. ನೋಡಿ ಅಂತ ನನಗೆ ಕಣ್ಣಲ್ಲೇ ಹೇಳಿ, ಅವನ ಹತ್ತಿರ ಕುಕ್ಕರುಗಾಲಲ್ಲಿ ಕೂತರು. "ಔಏ" ಅಂದರು. ಅದು ನಮ್ಮ ಅಯ್ಯೋ, ಬೇರೆ ಏನೂ ಅಲ್ಲ. "ಕ ಅರೊಹ" ಅಂದರು. ಅಯ್ಯೋ ಪಾಪ. ಅವನು ಹತ್ತಿರ ಸರಿದ. "ಅಫಿ?" ಅಂತ ತೋಳು ಚಾಚಿದರು. ಅಪ್ಪಿಕೋ ಅಂತ ಅರ್ಥ. ಅವನು ಹೋಗಿ ಅಂಟಿಕೊಂಡ. "ಕೆಯಿ ತೆ ಪೈ" ಅಂತ ಬೆನ್ನು ಸವರಿದರು. ಏನಿಲ್ಲ, ಎಲ್ಲ ಸರಿ ಇದೆ. ಇಡೀ ಸಂಗತಿ ಅರ್ಧ ನಿಮಿಷದ್ದು. ನಾಲ್ಕು ಮಾತು.

ಆ ನಾಲ್ಕನ್ನು ಹಾಳೆಯ ಮೇಲ್ಭಾಗದಲ್ಲಿ ಬರೆದೆ. ಜೊತೆಗೆ ಹೋಹಾ ಅಂತ ಒಂದು ಸೇರಿಸಿದೆ. ಸಾಕಾಗಿ ಹೋಗಿದೆ, ತಲೆ ಚಿಟ್ಟು ಹಿಡಿದಿದೆ ಅಂತ. ಇಲ್ಲಿ ಇಂಗ್ಲಿಷ್ ಮಾತಾಡುವವರೂ ದಿನಕ್ಕೆ ಹತ್ತು ಸಲ ಬಳಸುವ ಮಾತು ಅದು. ಮಗುವಿಗೂ ತಲೆ ಚಿಟ್ಟು ಹಿಡಿಯುತ್ತದೆ, ಅದನ್ನು ಹೇಳಲು ಒಂದು ಪದ ಬೇಕು. ಈಗ ರಚ್ಚೆ ಹಿಡಿಯುವ ಮುಂಚೆ "ಅಮ್ಮಾ, ಹೋಹಾ" ಅನ್ನುತ್ತಾಳೆ. ಎಲ್ಲ ಸಲ ಅಲ್ಲ, ನಾಲ್ಕರಲ್ಲಿ ಒಂದು ಸಲ. ಕನ್ನಡದ ಕಡೆ ನಾನು ಮಾಡಿದ್ದು ಇನ್ನೂ ಸುಲಭ. ಮೊಣಕಾಲಿಗೆ ಊದುವುದು, ನೆಲಕ್ಕೆ ಹೊಡೆಯುವುದು, ಮಲಗುವಾಗ ಅಜ್ಜಿಯ ಗುಬ್ಬಚ್ಚಿ ಕಥೆ. ಇಂಥ ಜಾಗದಲ್ಲಿ ಇಂಥ ಭಾಷೆ ಅಂತ ವೇಳಾಪಟ್ಟಿ ಹಾಕಿ ನೋಡಿದ್ದೆವು, ಮೂರು ದಿನಕ್ಕೆ ಬಿತ್ತು. ಈಗ ಒಂದು ತಿಂಗಳಿಗೆ ಒಂದೇ ಹೊಸ ಮಾತು, ಅದು ಬಾಯಿಗೆ ಕೂತ ಮೇಲೆ ಇನ್ನೊಂದು. ಯಾವ ಭಾಷೆಯೂ ಇನ್ನೊಂದರ ಜಾಗ ಕಿತ್ತುಕೊಂಡಿದ್ದು ನಾನು ಕಾಣಲಿಲ್ಲ. ಅವಳು ಈಗ ದೋಸೆ ತೊಳೆಯುವುದಿಲ್ಲ. ಅಮ್ಮನ ಕೈ ಬೇರೆ, ಕೈಯಕೊರ ಕೈ ಬೇರೆ ಅಂತ ತಿಂಗಳೊಳಗೆ ಗೊತ್ತಾಯಿತು.

2040ರ ಹೊತ್ತಿಗೆ ದೇಶದ ಹತ್ತು ಲಕ್ಷ ಜನ ಸಣ್ಣಪುಟ್ಟ ವಿಷಯವನ್ನಾದರೂ ಮಾವೊರಿಯಲ್ಲಿ ಮಾತಾಡುವಂತಾಗಬೇಕು ಅಂತ ಇಲ್ಲಿನ ಸರ್ಕಾರ 2019ರಲ್ಲಿ ಗುರಿ ಇಟ್ಟಿತು. 2023ರಲ್ಲಿ ಸರ್ಕಾರ ಬದಲಾಯಿತು. ಇಲಾಖೆಗಳ ಹೆಸರಿನಲ್ಲಿ ಇಂಗ್ಲಿಷ್ ಮೊದಲು ಇರಲಿ ಅಂತ ಹೊಸಬರು ಹೇಳಿದರು. ನಾಮಫಲಕದಲ್ಲಿ ಶೇ. 60 ಕನ್ನಡ ಅನ್ನುವ ಜಗಳ ನೋಡಿದ ನಮಗೆ ಇದು ಹೊಸದಲ್ಲ. ಬೋರ್ಡು ಬೇಕು, ನಾನು ಬೇಡ ಅನ್ನುವುದಿಲ್ಲ. ಆದರೆ ಬೋರ್ಡನ್ನು ಏರಿಸಬಹುದು, ಇಳಿಸಬಹುದು. ಬಚ್ಚಲ ಮನೆಯಲ್ಲಿ ಯಾವ ಮಂತ್ರಿಯೂ ಇಲ್ಲ.

ಪುಟ್ಟಿಯ ನಾಲ್ಕನೇ ಹುಟ್ಟುಹಬ್ಬ ಹೋದ ತಿಂಗಳು ಆಯಿತು. ಸಂಜೆ ಪಕ್ಕದ ಮನೆಯವರು ಬಾಳೆಹಣ್ಣಿನ ಕೇಕು ಮಾಡಿಕೊಂಡು ಬಂದರು. ಬಾಗಿಲಲ್ಲೇ ನಿಂತು, ತಟ್ಟೆ ಮುಂದೆ ಹಿಡಿದು, "ಕೇಕೇ!" ಅಂದರು. ಪುಟ್ಟಿ ಅವರ ಮುಖ ನೋಡಿದಳು. ನಿಧಾನಕ್ಕೆ ಒಂದು ತೋಳೆತ್ತಿ ಕಂಕುಳು ತೋರಿಸಿದಳು. ಬೇಕಂತಲೇ ಹಾಗಂದರೋ, ತಪ್ಪಿಯೋ, ನನಗೆ ಇವತ್ತಿಗೂ ಗೊತ್ತಿಲ್ಲ. ಇಬ್ಬರೂ ನಕ್ಕ ನಗುವಿಗೆ ಕೇಕು ಬೀಳುವುದರಲ್ಲಿತ್ತು.

ಹೊರಡುವಾಗ ಗೇಟಿನ ತನಕ ಹೋದೆವು. ಮಾವೊರಿಯಲ್ಲಿ ಹೋಗುವವರು ಉಳಿಯುವವರಿಗೆ 'ಎ ನೊಹೊ ರಾ' ಅನ್ನಬೇಕು, ಉಳಿಯುವವರು ಹೋಗುವವರಿಗೆ 'ಹಯೆರೆ ರಾ'. ಪುಟ್ಟಿಗೆ ಇದು ಗೊತ್ತು. ಆವತ್ತು ಏನು ತಲೆಗೆ ಬಂತೋ, ಕೈ ಬೀಸಿ "ಹೋಗಿ ಬನ್ನಿ" ಅಂದಳು. ಅವರು ನಿಂತರು. ಹಾಗಂದರೇನು ಅಂತ ಕೇಳಿದರು. ಬರೀ ಹೋಗಿ ಅನ್ನಬಾರದು ನಮ್ಮಲ್ಲಿ, ಹೋಗಿ ಮತ್ತೆ ಬನ್ನಿ ಅನ್ನಬೇಕು ಅಂತ ಹೇಳಿದೆ.

"ಹೋಗಿ" ಅಂತ ಒಂದು ಸಲ ಅಂದು ನೋಡಿದರು. ಇನ್ನೊಂದು ಸಲ ಅಂದರು. ಎರಡನೇ ಸಲ ಅದು ಬೇರೆಯೇ ಮಾತಾಗಿ ಬಂತು. "ಹೊಕಿ. ಹೊಕಿ ಮೈ." ತಿರುಗಿ ಬಾ ಅಂತ. "ನಮ್ಮಜ್ಜಿ ಗೇಟಲ್ಲಿ ನಿಂತು ಹಾಗನ್ನುತ್ತಿದ್ದಳು. ಹೊಕಿ ಮೈ, ಹೊಕಿ ಮೈ ಅಂತ, ನಾವು ತಿರುವು ದಾಟೋ ತನಕ." ಆಮೇಲೆ, ನಿಮ್ಮದನ್ನೂ ಬರೆದುಕೊಡು, ಮರೆತು ಹೋಗುತ್ತೆ ಅಂದರು. ಕೇಕಿನ ತಟ್ಟೆಗೆ ಹೊದಿಸಿದ್ದ ಕಾಗದದ ಮೇಲೆ ಇಂಗ್ಲಿಷ್ ಅಕ್ಷರದಲ್ಲಿ 'ಹೋಗಿ ಬನ್ನಿ' ಅಂತ ಬರೆದೆ. ಬರೆದ ಮೇಲೆ ನೆನಪಾಗಿ, ಓ ಮೇಲೊಂದು ತೊಹುತೋ ಎಳೆದೆ. ಅವರು ದೀಪದ ಕೆಳಗೆ ಕಾಗದ ಹಿಡಿದು ಓದಿದರು. ದೀರ್ಘ ಸರಿಯಾಗಿ ಬಂತು.